ನೀಲಕಂಠ ಇಲ್ಲೂ ಇದೆ

ಬುರೈಮಿಯಲ್ಲಿ ಒಂದೇ ಕೋಣೆಯಲ್ಲಿರುವ ನಾವು ನಾಲ್ವರು ಸೇರಿ ಒಂದು ಕ್ಯಾಮೆರಾ, ಜೊತೆಗೆ 150-600 ಮಿ.ಮೀ. ಜೂಮ್ ಲೆನ್ಸ್ ಕೊಂಡೆವು. ಊರಿಗೆ ಕಳಿಸುವ ಹಣ ಮುಟ್ಟಲಿಲ್ಲ. ಒಂದು ವರ್ಷ ಓವರ್‌ಟೈಮಿನ ದುಡ್ಡು ಕೂಡಿಟ್ಟೆವು. ಆದರೂ "ದುಡಿಯಲು ಬಂದವರಿಗೆ ಈ ಶೋಕಿ ಯಾಕೆ?" ಎಂದು ಕೇಳಿದವರುಂಟು. ಕೇಳಬೇಕಾದ ಪ್ರಶ್ನೆಯೇ.

ಮರಳುಗಾಡಿನಲ್ಲಿ ಹಕ್ಕಿ ಎಲ್ಲಿವೆ ಎನ್ನಬೇಡಿ. ಹಮಾಸಾದ ಖರ್ಜೂರದ ತೋಟಗಳ ಅಂಚಿನಲ್ಲಿ, ಫಲಜ್ ಕಾಲುವೆಯ ನೀರು ಹರಿಯುವ ಕಡೆ ಶುಕ್ರವಾರ ಬೆಳಿಗ್ಗೆ ನಿಂತು ನೋಡಿ. ಮೈನಾ, ಪಿಕಳಾರ, ಸೂರಕ್ಕಿ, ಚಂದ್ರಮುಕುಟ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ರಾಜ್ಯಪಕ್ಷಿ ನೀಲಕಂಠ. ಅರಬ್ಬಿಯಲ್ಲಿ ಇದರ ಹೆಸರು 'ಶಿಕ್ರಾಕ್ ಹಿಂದಿ'. ಹೆಸರಿನಲ್ಲೇ ಹಿಂದೂಸ್ತಾನವಿದೆ! ಆದರೆ ಅದು ಇಲ್ಲಿಯ ಕಾಯಂ ನಿವಾಸಿ; ರೆಸಿಡೆಂಟ್ ಕಾರ್ಡ್ ಬೇಕಾಗಿರುವುದು ನಮಗೆ ಮಾತ್ರ.

ಕುಳಿತಾಗ ನೀಲಕಂಠ ಕಂದು ಬಣ್ಣದ ಸಾಧಾರಣ ಹಕ್ಕಿ. ರೆಕ್ಕೆ ಬಿಚ್ಚಿದಾಗಲೇ ಆ ನೀಲಿ. ಅದನ್ನು ಹಿಡಿಯಲು ಶಟರ್ ವೇಗ 1/2000 ಸೆಕೆಂಡಿನಷ್ಟಾದರೂ ಬೇಕು. ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತದೆ. ಹಾಗಾಗಿ ಗಾಳಿ, ಬಿಸಿಲು ಎರಡೂ ನಮ್ಮ ಬೆನ್ನಿಗಿದ್ದರೆ ಮುಖ ಸಿಗುತ್ತದೆ. ಹುಳ ಹಿಡಿಯಲು ನೆಲಕ್ಕಿಳಿದರೂ ಅದು ಮತ್ತೆ ಅದೇ ತಂತಿಗೆ ಬರುವುದು ಹೆಚ್ಚು. ಬೆನ್ನಟ್ಟುವ ಬದಲು ಕಾಯುವುದು ಲೇಸು. ಮನುಷ್ಯನನ್ನು ಕಂಡರೆ ಹಾರುವ ಹಕ್ಕಿ ಕಾರಿಗೆ ಅಷ್ಟು ಹೆದರುವುದಿಲ್ಲ. ಎಂಜಿನ್ ನಿಲ್ಲಿಸಿ, ಕಿಟಕಿಯ ಮೇಲೆ ಅಕ್ಕಿಚೀಲವಿಟ್ಟು ಅದರ ಮೇಲೆ ಲೆನ್ಸ್ ಇಡುತ್ತೇವೆ.

ಬಿಸಿಲೇರಿದ ಮೇಲೆ ಎಷ್ಟು ಉದ್ದದ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ಕಾದ ನೆಲದಿಂದೇಳುವ ಬಿಸಿಗಾಳಿ ಬೆಳಕನ್ನೇ ಬಾಗಿಸುತ್ತದೆ. ದೂರದ ಹಕ್ಕಿ ನೀರೊಳಗಿದ್ದಂತೆ ಕಲಕಿ ಕಾಣುತ್ತದೆ. ಜೂಮ್ ಮಾಡಿದರೆ ಆ ಕಲಕೂ ದೊಡ್ಡದಾಗುತ್ತದೆ. ಉಪಾಯ ಎರಡೇ: ಬೇಗ ಏಳುವುದು, ಹತ್ತಿರವಾಗುವುದು.

ಹೊಸಬರಿಗೆ ಒಂದು ಮಾತು. ಇದು ಗಡಿಯೂರು, ಬೇಲಿಯಾಚೆ ಅಲ್ ಐನ್. ಗಡಿಠಾಣೆ, ಪೊಲೀಸ್ ಕಟ್ಟಡಗಳತ್ತ ಲೆನ್ಸ್ ತಿರುಗಿಸಬೇಡಿ. ತೋಟಕ್ಕೆ ಕಾಲಿಡುವ ಮೊದಲು ಮಾಲೀಕರನ್ನು ಕೇಳಿ. ಗೂಡಿನ ಹತ್ತಿರ ಸುಳಿಯಬೇಡಿ.

ಇನ್ನು ಆ ಪ್ರಶ್ನೆಗೆ ಉತ್ತರ. ನಮ್ಮಲ್ಲೊಬ್ಬರು ನೀಲಕಂಠದ ಚಿತ್ರವನ್ನು ಚಿತ್ರದುರ್ಗದ ಕಡೆಯ ತಮ್ಮ ಹಳ್ಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಮಗ ಬರೀ ಮರಳಿನಲ್ಲಿ ಬೇಯುತ್ತಿದ್ದಾನೆಂದು 11 ವರ್ಷಗಳಿಂದ ಕೊರಗುತ್ತಿದ್ದ ತಾಯಿ ಚಿತ್ರ ನೋಡಿ, "ಇದು ನಮ್ಮ ಹೊಲದ ಕರೆಂಟ್ ತಂತಿ ಮೇಲೆ ಕೂರೋ ಹಕ್ಕಿ ಅಲ್ಲೇನಪ್ಪ? ಹಂಗಾದ್ರೆ ಅಲ್ಲೂ ನೀರು, ನೆರಳು ಐತೆ ಅನ್ನು" ಎಂದರಂತೆ. ಪ್ರತಿ ತಿಂಗಳು ತಪ್ಪದೆ ಕಳಿಸಿದ ಹಣ ಅವರಿಗೆ ಕೊಡಲಾಗದ ಸಮಾಧಾನ ಅದು.