ಕೋ ಕೈ, ಖೋ ಖೈ ಮತ್ತು ನಮ್ಮ ಒತ್ತಕ್ಷರ

ಕಳೆದ ಸೆಮಿಸ್ಟರ್ ನಾವು ಮೂರು ಜನ ಎಕ್ಸ್‌ಚೇಂಜ್‌ಗೆ ಅಂತ ಬ್ಯಾಂಕಾಕ್‌ನ ಒಂದು ಯೂನಿವರ್ಸಿಟಿಗೆ ಹೋಗಿದ್ವಿ. ಎರಡು ಕ್ರೆಡಿಟ್ ಕಮ್ಮಿ ಬೀಳ್ತಿತ್ತು. ಥಾಯ್ ಭಾಷೆ ಕ್ಲಾಸ್ ಸುಲಭ ಇರುತ್ತೆ ಅಂದ್ಕೊಂಡು ಸೇರಿಬಿಟ್ವಿ.

ಮೊದಲ ವಾರದಲ್ಲೇ ನಮ್ಮ ಜಂಬ ಇಳೀತು. ಥಾಯ್‌ನಲ್ಲಿ 44 ವ್ಯಂಜನ, 5 ಟೋನ್. ಪದಗಳ ಮಧ್ಯೆ ಜಾಗವನ್ನೇ ಬಿಡಲ್ಲ. ‘ಕ್ಲೈ’ ಅಂತ ಸಮವಾಗಿ ಹೇಳಿದರೆ ದೂರ. ಅದನ್ನೇ ದನಿ ಇಳಿಸಿ ಹೇಳಿದರೆ ಹತ್ತಿರ! ಒಂದು ಭಾನುವಾರ ಮಾರ್ಕೆಟ್‌ಗೆ ದಾರಿ ಕೇಳಿದಾಗ ಅಂಗಡಿ ತಾತ ‘ಕ್ಲೈ’ ಅಂದ್ರು. ಹತ್ತಿರ ಅಂತ ಖುಷಿಯಾಗಿ ಹೊರಟ್ವಿ. ಬಿಸಿಲಲ್ಲಿ ಒಂದು ಗಂಟೆ ನಡೆದ್ವಿ.

ಆದರೆ ಅಕ್ಷರಮಾಲೆ ಶುರುವಾದಾಗ ಕಿವಿ ನೆಟ್ಟಗಾಯ್ತು. ‘ಕೋ ಕೈ, ಖೋ ಖೈ...’ ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಪದ ಅಂಟಿಕೊಂಡಿರುತ್ತೆ. ಕೈ ಅಂದ್ರೆ ಕೋಳಿ, ಖೈ ಅಂದ್ರೆ ಮೊಟ್ಟೆ. ಕ ಸಾಲು, ಚ ಸಾಲು, ಕೊನೆಗೆ ಯ ರ ಲ ವ, ನಮ್ಮ ‘ಳ’ಕ್ಕೆ ಸಮನಾದ ಅಕ್ಷರ ಕೂಡ. ಎಲ್ಲ ನಮ್ಮದೇ ಕ್ರಮ! ಥಾಯ್ ಲಿಪಿ ಹುಟ್ಟಿದ್ದು ಹಳೇ ಖಮೇರ್ ಲಿಪಿಯಿಂದ. ಅದಕ್ಕೂ ಕನ್ನಡಕ್ಕೂ ಮೂಲ ಬ್ರಾಹ್ಮಿಯೇ. ಭಾಷೆಗೆ ಅವರು ‘ಫಾಸಾ’ ಅಂತಾರೆ, ಆಚಾರ್ಯರಿಗೆ ‘ಆಚಾನ್’, ಆಹಾರಕ್ಕೆ ‘ಆಹಾನ್’. ನಮ್ಮ ಇಂಜಿನಿಯರಿಂಗ್‌ಗೆ ‘ವಿತ್ಸವಕಮ್’. ಅಕ್ಷರ ಬಿಡಿಸಿ ನೋಡಿದರೆ ಅದು ವಿಶ್ವಕರ್ಮ!

ನಾವು ಬೀಗಿದ್ದು ನೋಡಿ ಮೇಡಂ, “ಹಾಗಾದ್ರೆ ನಿಮ್ಮ ಅಕ್ಷರಗಳನ್ನ ಬೋರ್ಡ್ ಮೇಲೆ ಬರೀರಿ” ಅಂದ್ರು.

ಕ ಖ ಗ ಘ ಸಲೀಸಾಗಿ ಬಂತು. ‘ಙ’ ಹತ್ತಿರ ಕೈ ನಿಂತಿತು. ‘ಝ’ವನ್ನ ಮೂವರೂ ಮೂರು ಥರ ಬರೆದ್ವಿ. ‘ಞ’ ನೆನಪಿಗೇ ಬರಲಿಲ್ಲ. ಆದರೂ ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದ್ರು. ಅವರಿಗೆ ತಪ್ಪು ಗೊತ್ತಾಗಲಿಲ್ಲ. ನಮಗೆ ಗೊತ್ತಿತ್ತು.

ಮನೇಲಿ ಕನ್ನಡವನ್ನೇ ಮಾತಾಡ್ತೀವಿ. ಹತ್ತನೇ ಕ್ಲಾಸಲ್ಲಿ ಕನ್ನಡಕ್ಕೆ ಒಳ್ಳೇ ಮಾರ್ಕ್ಸೂ ಬಂದಿತ್ತು. ಆಮೇಲೆ ಒಂದು ಸಾಲೂ ಬರೆದಿರಲಿಲ್ಲ. ವಾಟ್ಸಾಪ್‌ನಲ್ಲಿ ‘ಊಟ ಆಯ್ತಾ’ ಅನ್ನೋದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೇಳ್ತಿದ್ವಿ. ಇಂಗ್ಲಿಷ್ ಓದೋಕೆ ಬಾರದ ಅಜ್ಜಿಯಂದಿರಿಗೆ ಬರೀ ಎಮೋಜಿ ಕಳಿಸ್ತಿದ್ವಿ.

ಆ ರಾತ್ರಿ ಥಾಯ್ ಹೋಮ್‌ವರ್ಕ್ ಮುಗಿಸಿ, ಅದೇ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಕನ್ನಡ ಕಾಗುಣಿತ ಬರೆಯೋಕೆ ಕೂತ್ವಿ. ಎರಡು ವಾರ ಬಿಟ್ಟು ಮೂವರೂ ಅವರವರ ಅಜ್ಜಿಗೆ ಒಂದೊಂದು ಪುಟ ಬರೆದು, ಫೋಟೋ ತೆಗೆದು ಕಳಿಸಿದ್ವಿ.

ಒಬ್ಬನ ಅಜ್ಜಿ ಮಾರನೇ ದಿನ ಬೆಳಗ್ಗೇನೇ ಫೋನ್ ಮಾಡಿದ್ರು. ನಾವು ಸ್ಪೀಕರ್ ಹಾಕಿ ಸುತ್ತ ಕೂತ್ವಿ. “ಆರೋಗ್ಯಕ್ಕೆ ಒತ್ತು ತಪ್ಪು ಕೊಟ್ಟಿದ್ದೀಯ ಕಣೋ,” ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ಕು ಸಲ ಓದಿದೆ. ಇನ್ನೊಂದು ಯಾವಾಗ ಬರೀತೀಯ?” ಅಂತ ಕೇಳಿದ್ರು.

ಥಾಯ್‌ನಲ್ಲಿ ನಮಗೆ ಬಿ ಗ್ರೇಡ್ ಬಂತು. ಕಾಗದ ಬರೆಯೋದು ಇನ್ನೂ ನಡೀತಿದೆ, ಒತ್ತು ಈಗಲೂ ಅಲ್ಲಲ್ಲಿ ತಪ್ಪುತ್ತೆ.