ಇನ್ನಂಜೆಯಲ್ಲಿ ಇಳಿದರೆ

ಲೋಕಲ್ ರೈಲು ಇನ್ನಂಜೆಯಲ್ಲಿ ನಿಂತದ್ದೂ ಗೊತ್ತಾಗುವುದಿಲ್ಲ, ಹೊರಟದ್ದೂ ಗೊತ್ತಾಗುವುದಿಲ್ಲ. ನಿಮ್ಮೊಟ್ಟಿಗೆ ಇಳಿದ ನಾಲ್ಕಾರು ಮಂದಿ ಆಗಲೇ ಹಳಿ ದಾಟಿ ತೋಟದ ದಾರಿ ಹಿಡಿದಿದ್ದಾರೆ. ನಿಲ್ದಾಣದ ಹೊರಗಿನ ರಿಕ್ಷಾದವರು ನಿಮ್ಮ ಚೀಲ ನೋಡಿ, "ಉಡುಪಿ ಮುಂದಿನ ಸ್ಟೇಷನ್ ಅಲ್ವಾ? ಬೇಗ ಇಳಿದ್ರಿ" ಅನ್ನುತ್ತಾರೆ. ಅಲ್ಲ, ಇಲ್ಲೇ ಇಳಿಯಬೇಕಿತ್ತು. ನಿನ್ನೆ ಸಂಜೆಯಿಡೀ ಉಡುಪಿಯ ರಥಬೀದಿ ಸುತ್ತಿಯಾಗಿದೆ. ಚನ್ನಪಟ್ಟಣದ ಬೊಂಬೆ, ಉತ್ತರದ ಹಿತ್ತಾಳೆ ದೀಪ, ಅಚ್ಚಿನಲ್ಲಿ ಎರಕ ಹೊಯ್ದ ಕೃಷ್ಣ. "ಇದರಲ್ಲಿ ಉಡುಪಿಯದ್ದು ಯಾವುದು?" ಎಂದು ಕೇಳಿದ್ದಕ್ಕೆ ಅಂಗಡಿಯವರು ನಕ್ಕರು: "ಎಲ್ಲ ಉಡುಪಿಯಲ್ಲೇ ಉಂಟಲ್ಲ ಮಾರಾಯ್ರೆ!"

ಊರಿನವರು ತಾವು ಬಳಸುವುದಕ್ಕೆಂದು ಮಾಡಿಕೊಳ್ಳುವ ವಸ್ತು ಪ್ರವಾಸಿಗರ ಬೀದಿಗೆ ಬರುವುದು ಕಡಿಮೆ. ಅದಕ್ಕೆ ಅವರ ಜಗಲಿಗೇ ಹೋಗಬೇಕು.

ರಿಕ್ಷಾ ಶಂಕರಪುರದ ಕಡೆ ತಿರುಗುತ್ತದೆ. ಮನೆಯಂಗಳದಲ್ಲೆಲ್ಲ ಮೊಣಕಾಲೆತ್ತರದ ಮಲ್ಲಿಗೆ ಗಿಡಗಳು. ಕೊಯ್ಲು ಮುಗಿದಿದೆ, ಗಿಡದಲ್ಲಿ ಎಲೆ ಮಾತ್ರ. ಹೂವು ಜಗಲಿಯಲ್ಲಿದೆ. ಗೆರಸೆಯ ತುಂಬ ಬಿರಿಯದ ಮೊಗ್ಗು, ಪಕ್ಕದಲ್ಲಿ ನೀರಲ್ಲಿ ನೆನೆದ ಬಾಳೆಯ ನಾರು. ಅಜ್ಜಿಯೊಬ್ಬರು ಎಡಗೈಯಲ್ಲಿ ನಾರು ಹಿಡಿದು, ಎದುರುಬದುರಾಗಿ ಮೊಗ್ಗು ಇಟ್ಟು, ಒಂದು ಸುತ್ತು ಸುತ್ತಿ ಎಳೆಯುತ್ತಾರೆ. ಎಳೆತ ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಹೂವು ಉದುರುತ್ತದೆ. ಅವರ ಕಣ್ಣು ಮಾತ್ರ ಕೈಯ ಮೇಲಿಲ್ಲ, ಗೇಟಿನ ಮೇಲಿದೆ: ಹೂವಿನವನ ಬೈಕು ಬರುವ ಹೊತ್ತು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನವೂ ಶಂಕರಪುರದಲ್ಲೇ ನಿಗದಿಯಾಗುತ್ತದೆ. ಮದುವೆ, ನಾಗರಪಂಚಮಿ ಬಂದರೆ ಏರುತ್ತದೆ, ಮಾರನೆಯ ದಿನ ಬಿದ್ದೂ ಬೀಳುತ್ತದೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿ ವರ್ಷಗಳಾದವು. ಕಟ್ಟಿದ ಕೈಗೆ ಯಾರೂ ಕರಕುಶಲ ಎಂದು ಹೆಸರಿಟ್ಟಿಲ್ಲ. ಒಂದು ಚೆಂಡು ಕೊಳ್ಳಿ. ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ನಾಳೆಗೆ ಬಾಡುವ ನೆನಪಿನ ಕಾಣಿಕೆ ಯಾಕೆ ಅನ್ನಬೇಡಿ, ಇವತ್ತಿನ ಬಸ್ಸು ಪ್ರಯಾಣವೆಲ್ಲ ಅದರ ಘಮದಲ್ಲೇ.

ಬಸ್ಸು ಕಾಪು, ಪಡುಬಿದ್ರಿ ದಾಟಿ ಮುಲ್ಕಿಗೆ ಬರುತ್ತದೆ. ಅಲ್ಲಿ ಇಳಿದು ಕಿನ್ನಿಗೋಳಿಯ ಬಸ್ಸು ಹತ್ತಿದರೆ ಜಿಲ್ಲೆಯ ಗಡಿ ದಾಟಿರುತ್ತೀರಿ. ಅಲ್ಲಿ ನೇಯುವ ಕೈಮಗ್ಗದ ಸೀರೆಯ ಹೆಸರು ಮಾತ್ರ ಉಡುಪಿ ಸೀರೆಯೇ. ಕರಾವಳಿಯಲ್ಲಿ ಇದನ್ನು ನೇಯ್ದವರು ಹೆಚ್ಚಾಗಿ ಪದ್ಮಶಾಲಿಗಳು, ಹೆಸರಿನ ಕೊನೆಗೆ ಶೆಟ್ಟಿಗಾರ್ ಎಂದು ಇರುವವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ಹೆಂಚಿನ ಜೊತೆಗೆ ನೇಯ್ಗೆಯ ಕಾರ್ಖಾನೆಗಳನ್ನೂ ತೆರೆಯಿತು. ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಎಂದು ಮಂಗಳೂರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಮಿಲ್ಲಿನ ಬಟ್ಟೆ ಬಂತು, ಮಕ್ಕಳು ಮುಂಬಯಿಗೆ ಹೋದರು, ಮಗ್ಗದ ಮರ ಬಚ್ಚಲೊಲೆಗೂ ಹೋಯಿತು.

ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘದ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಸದ್ದು ಕೇಳುತ್ತದೆ. ಟಕ್, ಟಕ್, ನಡುವೆ ಲಾಳಿ ಜಾರುವ ಸರ್‍ರೆಂಬ ದನಿ. ನೇಯುವ ಹೆಂಗಸು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಮಳೆಗಾಲದಲ್ಲಿ ಈ ಗುಂಡಿಗೆ ಒರತೆಯ ನೀರು ಏಳುವುದುಂಟು, ಗಂಜಿ ಹಾಕಿದ ನೂಲೂ ಒಣಗುವುದಿಲ್ಲ. "ಎಲ್ಲಿಂದ ಬಂದದ್ದು ನೀವು? ಸೀರೆ ನೋಡ್ಲಿಕ್ಕಾ, ಮಗ್ಗ ನೋಡ್ಲಿಕ್ಕಾ?" ಎಂದು ಅವರು ಕೇಳುತ್ತಾರೆ. ಎರಡಕ್ಕೂ ಅನ್ನಿ. "ಹಾಗಾದ್ರೆ ಹತ್ರ ಬನ್ನಿ, ಅಲ್ಲಿಂದ ಎಂತ ಕಾಣ್ತದೆ?"

ಬಾಗಿ ನೋಡಿ. ಹಾಸಿನ ನೂಲು ಒಂದೇ ಎಳೆಯದ್ದು, ಅಷ್ಟು ತೆಳು. ಒಂದು ಎಳೆ ಪಟ್ಟನೆ ತುಂಡಾಗುತ್ತದೆ. ಬೈಗುಳವಿಲ್ಲ, ನಿಟ್ಟುಸಿರಿಲ್ಲ. ಮಗ್ಗ ನಿಲ್ಲುತ್ತದೆ, ಬೆರಳ ತುದಿಯಲ್ಲಿ ಎರಡು ಕೊನೆ ಸೇರಿಸಿ ಹೊಸೆಯುತ್ತಾರೆ, ಟಕ್ ಮತ್ತೆ ಶುರು. ಸೆರಗು ಬಂದಲ್ಲಿ ಹೊಕ್ಕಿನ ಬಣ್ಣ ಬದಲಿಸಬೇಕು: ಹಳೆಯ ಲಾಳಿ ತೆಗೆದು ಬೇರೆಯದ್ದು. ಹೀಗೆ ಒಂದು ಸೀರೆಗೆ ದಿನಗಟ್ಟಲೆ.

ಈಗ ಕಪಾಟಿನ ಮುಂದೆ. ನಲವತ್ತು, ಅರವತ್ತು, ಎಂಬತ್ತು ಎಂದು ಹೇಳುವುದು ನೂಲಿನ ಕೌಂಟು, ಸಂಖ್ಯೆ ಏರಿದಷ್ಟೂ ನೂಲು ನವಿರು. ಎಂಬತ್ತರದ್ದನ್ನು ಮಡಚಿ ಅಂಗೈಯಲ್ಲಿಟ್ಟರೆ ತೂಕವೇ ಇಲ್ಲ. ಅಂಚನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳು ಸಾಲಾಗಿ ಕಾಣುತ್ತವೆ. ನೇಯುವಾಗ ಬಟ್ಟೆ ಒಳಕ್ಕೆ ಸೆಳೆಯದಂತೆ ಕಚ್ಚಿಸಿದ ಕಡ್ಡಿಯ ಗುರುತು ಅದು. ಮಿಲ್ಲಿನ ಸೀರೆಯಲ್ಲಿ ಇದನ್ನು ಕೊರತೆ ಎಂದು ಬದಿಗಿಡುತ್ತಿದ್ದರು, ಇಲ್ಲಿ ಇದನ್ನು ನೋಡಿಯೇ ಕೊಳ್ಳಬೇಕು. ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ಅದ್ದಿದ ಕಂದುಗೆಂಪು ಸೀರೆಯೊಂದು ಕೈ ಬಿಡಲೊಲ್ಲದು. ತೋಟದವರು ಚೊಗರಿನ ಕಲೆ ಅಂಗಿಗೆ ತಾಗದಂತೆ ನೋಡಿಕೊಳ್ಳುತ್ತಾರೆ, ಇಲ್ಲಿ ಆ ಕಲೆಯೇ ಬಣ್ಣ. ಕಾರ್ಕಳದ ಕದಿಕೆ ಟ್ರಸ್ಟ್ ಈ ಸಂಘದ ಜೊತೆ ನಿಂತ ಮೇಲೆ ಇಂಥ ಬಣ್ಣಗಳು ಮರಳಿವೆ, ಸೀರೆಯ ಜೊತೆ ನೇಯ್ದವರ ಹೆಸರೂ ಬರುತ್ತದೆ. 2016ರಲ್ಲಿ ಸಿಕ್ಕ ಜಿಐ ಮಾನ್ಯತೆಗಿಂತ ಆ ಹೆಸರಿನ ಚೀಟಿಯೇ ನನಗೆ ದೊಡ್ಡದು. ಒಳಗೆ ಮಗ್ಗದಲ್ಲಿ ಕೂತವರನ್ನು ನೋಡಿ ಬಂದ ಮೇಲೆ ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ, ಅದು ನಿಮ್ಮ ಒಳ್ಳೆಯತನ ಎಂದೇನೂ ತಿಳಿಯಬೇಡಿ.

ಸಂಜೆ ಕಾಪುವಿಗೆ ಮರಳುವಾಗ ಬಸ್ಸು ತೆವಳುತ್ತದೆ. ಸುಗ್ಗಿ ಮಾರಿಪೂಜೆಯ ದಿನ, ಪೇಟೆಯಿಡೀ ಜನ. ಬಳೆ, ಐಸ್‌ಕ್ರೀಂ, ಪ್ಲಾಸ್ಟಿಕ್ ಕೊಡದ ಸಾಲು ಮುಗಿಯುವಲ್ಲಿ, ಗೋಣಿಯ ಮೇಲೆ ಬುಟ್ಟಿ ಹರಡಿ ಕೊರಗ ಸಮುದಾಯದ ಒಬ್ಬ ಹೆಂಗಸು ಕೂತಿದ್ದಾರೆ. ಗಾಳುವ ತಡ್ಪೆ ಬಿದಿರಿನದ್ದು, ಅನ್ನ ಬಸಿಯುವ ಕುಡ್ಪು ಕಾಡಿನ ಬೀಳಿನದ್ದು. ಇದೇ ಬಗೆಯ ಸಾಮಾನನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹೆರಿಟೇಜ್ ವಿಲೇಜ್‌ನಂಥ ಕಡೆ ಟಿಕೆಟು ಕೊಟ್ಟು ನೋಡುತ್ತೇವೆ. ಇಲ್ಲಿ ಧೂಳಿನಲ್ಲಿ ಇಟ್ಟದ್ದನ್ನು ಜನ ಕಾಲಲ್ಲಿ ಸರಿಸಿಕೊಂಡು ಹೋಗುತ್ತಾರೆ. ಹಿಂದೆ ಇದಕ್ಕೆ ಹಣವೂ ಇರಲಿಲ್ಲ. ಊರ ಜಮೀನುದಾರರ ಗುತ್ತಿನ ಮನೆಗೆ ಬುಟ್ಟಿ ಕೊಟ್ಟರೆ ಅಳೆದು ಹಾಕುತ್ತಿದ್ದುದು ಭತ್ತ. ಎಷ್ಟು ಅಳೆಯಬೇಕೆಂದು ನಿರ್ಧರಿಸುತ್ತಿದ್ದವರು ಕೊಳ್ಳುವವರೇ.

"ಉಂದೆಕ್ ಏತ್ ಅಕ್ಕ?" ನೀವು ಕಲಿತ ಅಷ್ಟು ತುಳುವನ್ನು ಪ್ರಯೋಗಿಸುತ್ತೀರಿ. ಅವರು ಕನ್ನಡದಲ್ಲೇ ಬೆಲೆ ಹೇಳುತ್ತಾರೆ. ಕುಡ್ಪನ್ನು ಬೋರಲು ಹಾಕಿ ತಳ ನೋಡಿ: ಬೀಳಿನ ಕೊನೆ ಎಲ್ಲಿ ಅಡಗಿದೆಯೋ ಹುಡುಕಿದರೂ ಸಿಗದು. ಹಣ ಎಣಿಸಿಕೊಂಡು ಅವರು ಹೇಳುತ್ತಾರೆ: "ಒಲೆಯ ಮೇಲೆ ಹೊಗೆಗೆ ತೂಗಿ ಹಾಕಿ, ಹುಳ ಹಿಡಿಯುದಿಲ್ಲ."

"ನಮ್ಮಲ್ಲಿ ಗ್ಯಾಸು."

"ಗ್ಯಾಸಾ? ಹಾಗಾದ್ರೆ ಬಿಸಿಲಿಗಾದ್ರೂ ಇಡಿ. ಶೋಕೇಸಿನಲ್ಲಿ ಮಾತ್ರ ಇಡ್ಬೇಡಿ."