379 ಮೆಟ್ಟಿಲುಗಳು

‘ಕೋಶ ಓದು, ದೇಶ ಸುತ್ತು’ ಎಂಬ ಮಾತನ್ನು ನನ್ನ ಅಧ್ಯಾಪನ ವೃತ್ತಿಯ ಮೊದಲ ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಸಲ ವಿದ್ಯಾರ್ಥಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೋಶವನ್ನೇನೋ ಓದಿದ್ದೆ, ದೇಶ ಸುತ್ತುವ ಭಾಗ್ಯ ಮಾತ್ರ ಒದಗಿರಲಿಲ್ಲ. ಧಾರವಾಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ, ಭೂಗೋಳ ಕಲಿಸುತ್ತಿದ್ದ ನಾನು, ಗೇಟ್‌ವೇ ಆಫ್ ಇಂಡಿಯಾ 1924ರಲ್ಲಿ ಪೂರ್ಣಗೊಂಡಿತೆಂದೂ ಕುತುಬ್ ಮಿನಾರಿಗೆ 379 ಮೆಟ್ಟಿಲುಗಳಿವೆಯೆಂದೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವುಗಳಲ್ಲಿ ಒಂದನ್ನೂ ಕಣ್ಣು ತೆರೆದು ಕಂಡವನಲ್ಲ.

1985ರ ದಸರೆಯ ರಜೆಯಲ್ಲಿ ಈ ಕೊರತೆಯನ್ನು ನೀಗಿಸಿಕೊಳ್ಳುವ ಸಂಕಲ್ಪ ಮಾಡಿದೆ. ಅಂಚೆ ಕಚೇರಿಯ ಖಾತೆಯಲ್ಲಿ ಕೂಡಿಟ್ಟಿದ್ದ ಹಣ ತೆಗೆದೆ. ಅರವತ್ತೈದು ದಾಟಿದ್ದ ಅವ್ವ, ನನ್ನ ಪತ್ನಿ, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು, ನಾನು: ಹೀಗೆ ಐವರ ಪ್ರವಾಸ. ಮೇಷ್ಟ್ರ ಬುದ್ಧಿ ನೋಡಿ, ಹೊರಡುವ ಮೊದಲೇ ಗೆರೆ ಹಾಕಿದ ಹಾಳೆಯ ಮೇಲೆ ವೇಳಾಪಟ್ಟಿ ಸಿದ್ಧವಾಯಿತು. ಮುಂಬಯಿಗೆ ಮೂರು ದಿನ, ದೆಹಲಿಗೆ ನಾಲ್ಕು ದಿನ. ಯಾವ ಸ್ಥಳಕ್ಕೆ ಎಷ್ಟು ನಿಮಿಷ ಎಂಬುದನ್ನೂ ಬರೆದಿದ್ದೆ. ನೋಡಿ ಮುಗಿದ ಸ್ಥಳದ ಮುಂದೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುವುದೆಂದು ನಿಶ್ಚಯಿಸಿದ್ದೆ.

ಆಗ ನಮ್ಮ ಕಡೆ ಇದ್ದುದು ಮೀಟರ್ ಗೇಜ್ ಹಳಿ. ಮೀರಜಿನವರೆಗೆ ಅದರಲ್ಲಿ ಹೋಗಿ, ಅಲ್ಲಿ ಗಂಟು ಮೂಟೆ ಇಳಿಸಿಕೊಂಡು, ಬ್ರಾಡ್ ಗೇಜಿನ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಬೇಕಾಗಿತ್ತು. ಮುಂಬಯಿಯ ದಾದರಿನಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರಿದ್ದರು. ಚಾಳಿನ ಎರಡೇ ಕೋಣೆಗಳಲ್ಲಿ ಆರು ಜನ ಬದುಕುತ್ತಿದ್ದ ಆ ಸಂಸಾರ ನಮ್ಮೈವರನ್ನೂ ಮುಖ ಗಂಟಿಕ್ಕದೆ ಒಳಗೆ ಕರೆದುಕೊಂಡಿತು. ರಾತ್ರಿ ಗಂಡಸರು ಹೊರಗಿನ ಪಡಸಾಲೆಯಲ್ಲಿ ಮಲಗಿದೆವು. ಆ ಔದಾರ್ಯವನ್ನು ನೆನೆದರೆ ಇಂದಿಗೂ ತಲೆ ಬಾಗುತ್ತದೆ.

ಮೊದಲ ದಿನ ವೇಳಾಪಟ್ಟಿಗೆ ಭಂಗ ಬರಲಿಲ್ಲ. ಗೇಟ್‌ವೇ, ಮರೀನ್ ಡ್ರೈವ್, ತಾರಾಪೋರವಾಲಾ ಮತ್ಸ್ಯಾಲಯ, ಹ್ಯಾಂಗಿಂಗ್ ಗಾರ್ಡನ್ಸ್. ನೀರಿನ ಜಲಾಶಯದ ಮೇಲೆ ಈ ಉದ್ಯಾನವನ್ನು ಬೆಳೆಸಿದ್ದಾರೆಂದು ನಾನು ವಿವರಿಸುತ್ತಿದ್ದರೆ, ಮಕ್ಕಳ ಕಣ್ಣು ಎದುರಿನ ಕಮಲಾ ನೆಹರೂ ಪಾರ್ಕಿನ ಬೂಟಿನಾಕಾರದ ಮನೆಯ ಮೇಲಿತ್ತು. ಅವರಿಗೆ ಎಲ್ಲಕ್ಕಿಂತ ಹಿತವಾದದ್ದು ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಆಸನ. ಮರದ ಕೊಂಬೆಗಳು ಗಾಜಿಗೆ ಬಡಿಯುವಂತೆ ಬಂದಾಗಲೆಲ್ಲ ಇಬ್ಬರೂ ತಲೆ ತಗ್ಗಿಸಿ ನಗುತ್ತಿದ್ದರು. “ಇನ್ನೊಂದ ಸಲ” ಎಂದು ಮಗಳು ಗೋಗರೆದಳು. ಪಟ್ಟಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆ ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು 2023ರ ಸೆಪ್ಟೆಂಬರಿನಲ್ಲಿ ಕೊನೆಯ ಓಟ ಮುಗಿಸಿದ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ನಾನು ಕೊಡಿಸದೆ ಹೋದ ಆ ಎರಡನೆಯ ಸವಾರಿ.

ಎರಡನೆಯ ದಿನ ಬೆಳಿಗ್ಗೆ ದಾದರ್ ನಿಲ್ದಾಣದಲ್ಲಿ ನಿಂತಿದ್ದೆವು. ವಿ.ಟಿ.ಗೆ ಹೋಗಿ ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿತ್ತು. ಲೋಕಲ್ ಗಾಡಿ ನಿಲ್ಲುವುದು ಕೆಲವೇ ಕ್ಷಣ ಎಂದು ಸಂಬಂಧಿಕರು ಎಚ್ಚರಿಸಿದ್ದರು. ಗಾಡಿ ಬಂತು, ಜನ ಪ್ರವಾಹದಂತೆ ನುಗ್ಗಿತು. ಮಗನ ಕೈ ಹಿಡಿದು ನಾನು ಮುಂದಾಗಿ ನುಗ್ಗಿದೆ. ತಿರುಗಿ ನೋಡುವಷ್ಟರಲ್ಲಿ ಗಾಡಿ ಚಲಿಸತೊಡಗಿತ್ತು. ಅವ್ವ, ಪತ್ನಿ, ಮಗಳು ಮೂವರೂ ಪ್ಲಾಟ್‌ಫಾರ್ಮಿನ ಮೇಲೆಯೇ ಉಳಿದಿದ್ದರು. ಹಣ ನನ್ನ ಜೇಬಿನಲ್ಲಿ. ಮನೆಯ ವಿಳಾಸದ ಚೀಟಿಯೂ ನನ್ನ ಜೇಬಿನಲ್ಲಿ.

ಪರೇಲಿನಲ್ಲಿ ಇಳಿದು, ಸೇತುವೆ ಹತ್ತಿಳಿದು, ಎದುರು ದಿಕ್ಕಿನ ಗಾಡಿ ಹಿಡಿದು ಮರಳುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮೂವರೂ ಒಂದು ಬೆಂಚಿನ ಮೇಲೆ ಅಂಟಿಕೊಂಡು ಕುಳಿತಿದ್ದರು. ಪತ್ನಿಯ ಕಣ್ಣುಗಳು ಕೆಂಪಾಗಿದ್ದವು. ಆಕೆ ಏನೂ ಮಾತನಾಡಲಿಲ್ಲ. ಅವ್ವ ಮಾತ್ರ ನನ್ನ ಮುಖ ನೋಡಿ ಹೇಳಿದಳು: “ಊರೇನ ಓಡಿ ಹೊಕ್ಕೈತೇನೋ ತಮ್ಮಾ? ಓಡಾಕತ್ತಾವ್ರು ನಾವ.”

ಓದುಗರೇ, ಅಲ್ಲಿಗೇ ನನಗೆ ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ. ನಾನು ಕೈಗಡಿಯಾರ ನೋಡಿಕೊಂಡು, “ಇನ್ನ ಮ್ಯೂಝಿಯಂ ನೋಡೋದೈತಿ, ಏಳ್ರಿ” ಎಂದೆ. ಅಂದು ಸಂಜೆ ಕೆಂಪು ಗುರುತು ಹಾಕುವುದನ್ನೂ ಮರೆಯಲಿಲ್ಲ.

ಪಂಜಾಬ್ ಮೇಲ್‌ನಲ್ಲಿ ಒಂದು ರಾತ್ರಿ, ಒಂದು ಹಗಲು ಕಳೆದು ದೆಹಲಿ ಸೇರಿದೆವು. ಪಹಾಡ್‌ಗಂಜಿನ ಒಂದು ಸಾಧಾರಣ ವಸತಿಗೃಹದಲ್ಲಿ ಬಿಡಾರ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ಮಗ. ಕುತುಬ್ ಮಿನಾರನ್ನು ಹತ್ತಿಸುತ್ತೇನೆಂದು ನಾನು ಅವನಿಗೆ ಮಾತು ಕೊಟ್ಟಿದ್ದೆ. ಪುಸ್ತಕದಲ್ಲಿರುವ 379 ಸರಿಯೋ ತಪ್ಪೋ ತಾನೇ ಎಣಿಸಿ ಬರುತ್ತೇನೆಂದು ಅವನು ಗೆಳೆಯರ ಮುಂದೆ ಪಣ ತೊಟ್ಟು ಬಂದಿದ್ದ. ಅದಕ್ಕಾಗಿ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು, ಮೊಂಡು ಪೆನ್ಸಿಲು.

ಮಿನಾರಿನ ಬುಡದ ಬಾಗಿಲಿಗೆ ಬೀಗ ಹಾಕಿತ್ತು. ಕಾವಲುಗಾರ “ಬಂದ್ ಹೈ” ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಕಾರಣ ನನಗೆ ಗೊತ್ತಿರದ್ದೇನಲ್ಲ. ನಾಲ್ಕು ವರ್ಷಗಳ ಹಿಂದೆ ಪತ್ರಿಕೆಯಲ್ಲಿ ಓದಿದ್ದೆ. ಇಷ್ಟರಲ್ಲಿ ತೆರೆದಿರಬಹುದೆಂದು ವಿಚಾರಿಸದೆಯೇ ಭಾವಿಸಿಕೊಂಡಿದ್ದೆ. ಮಗನ ಮುಖ ಬಾಡಿತು. “ನೀವ ಹತ್ತಸ್ತೀನಿ ಅಂದಿದ್ರಿ” ಎಂದು ಅಳತೊಡಗಿದ. ಜನರೆದುರು ಗದರಿಸಿದೆ. ಅಳು ಹೆಚ್ಚಾಯಿತು. ಕೊನೆಗೆ ಅವನನ್ನು ಕಬ್ಬಿಣದ ಕಂಬದ ಬಳಿಗೆ ಕರೆದುಕೊಂಡು ಹೋದೆ. ಆಗಿನ್ನೂ ಅದರ ಸುತ್ತ ಬೇಲಿ ಇರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು, ಕೈಗಳನ್ನು ಹಿಂದಕ್ಕೆ ಸುತ್ತಿ, ಬೆರಳು ಮುಟ್ಟಿಸಲು ಜನ ಹೆಣಗುತ್ತಿದ್ದರು. ಅದರ ನೆರಳಿನಲ್ಲಿ ಕೂರಿಸಿಕೊಂಡು ನಡೆದದ್ದನ್ನು ಹೇಳಿದೆ.

1981ರ ಡಿಸೆಂಬರ್ 4ರಂದು ಮಿನಾರಿನೊಳಗೆ ನೂರಾರು ಜನರಿದ್ದಾಗ ದೀಪಗಳು ಆರಿಹೋದವು. ಕಿರಿದಾದ ಸುರುಳಿ ಮೆಟ್ಟಿಲು, ಗಾಢ ಕತ್ತಲೆ. ಗಾಬರಿಗೊಂಡ ಜನ ಕೆಳಗಿಳಿಯಲು ಒಬ್ಬರ ಮೇಲೊಬ್ಬರು ನುಗ್ಗಿದರು. 45 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳು. ಅಂದಿನಿಂದ ಒಳಗೆ ಯಾರನ್ನೂ ಬಿಡುವುದಿಲ್ಲ.

ಮಗ ಅಳು ನಿಲ್ಲಿಸಿದ. ಬಹಳ ಹೊತ್ತು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದು, ಆಮೇಲೆ ಕೇಳಿದ: “ಅವರನ್ನ ಕರಕೊಂಡ ಬಂದಿದ್ದ ಮಾಸ್ತರು ಎಲ್ಲಿದ್ರು ಅಪ್ಪಾ? ಮುಂದ ಇದ್ರೋ, ಹಿಂದ ಇದ್ರೋ?”

ಹದಿನಾಲ್ಕು ವರ್ಷಗಳ ಅಧ್ಯಾಪನದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ನಿರುತ್ತರನನ್ನಾಗಿ ಮಾಡಿರಲಿಲ್ಲ. ಆ ಅಧ್ಯಾಪಕರು ಎಲ್ಲಿದ್ದರೋ ನಾನರಿಯೆ. ಅವರನ್ನು ತೂಗುವ ಅಧಿಕಾರವೂ ನನಗಿಲ್ಲ. ಆದರೆ ಕೆಲವೇ ದಿನಗಳ ಹಿಂದೆ ದಾದರಿನಲ್ಲಿ ನಾನು ಎಲ್ಲಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮುಂದಿದ್ದೆ.

ವೇಳಾಪಟ್ಟಿಯ ಹಾಳೆ ಅಂದೇ ಮಡಚಿ ಪೆಟ್ಟಿಗೆಯ ತಳ ಸೇರಿತು. ಅಂದು ಮಧ್ಯಾಹ್ನ ನೋಡಬೇಕಾಗಿದ್ದ ಕೆಂಪುಕೋಟೆಯ ಬದಲು ಇಂಡಿಯಾ ಗೇಟಿನ ಹುಲ್ಲುಹಾಸಿನ ಮೇಲೆ ಶೇಂಗಾ ತಿನ್ನುತ್ತ ಕುಳಿತೆವು. ಪಕ್ಕದಲ್ಲಿ ಊರಿನದೇ ಒಂದು ಕುಟುಂಬ ಬುತ್ತಿ ಬಿಚ್ಚಿಕೊಂಡು ಕುಳಿತಿತ್ತು. ಅವರಲ್ಲೊಬ್ಬ ವೃದ್ಧೆ. ಆಕೆಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಆದರೂ ಇಬ್ಬರೂ ಮೊಣಕಾಲು ಮುಟ್ಟಿ ತೋರಿಸುತ್ತ, ಮೊಮ್ಮಕ್ಕಳತ್ತ ಕೈ ಮಾಡುತ್ತ ಒಂದು ಗಂಟೆ ಮಾತನಾಡಿದರು. ಆಕೆ ಕೊಟ್ಟ ಉಪ್ಪಿನಕಾಯಿಯ ರುಚಿಯನ್ನು ಅವ್ವ ಊರಿಗೆ ಬಂದ ಮೇಲೂ ವರ್ಷಗಟ್ಟಲೆ ವರ್ಣಿಸುತ್ತಿದ್ದಳು.

ಮರುದಿನ ಜಂತರ್ ಮಂತರ್. ಸವಾಯಿ ಜಯಸಿಂಹ ಖಗೋಳ ವೀಕ್ಷಣೆಗಾಗಿ ಕಟ್ಟಿಸಿದ್ದೆಂದು ನಾನು ಆರಂಭಿಸುವ ಮೊದಲೇ ಅವ್ವ ನೆಲದ ಮೇಲಿನ ನೆರಳು ನೋಡಿ, “ಹನ್ನೆರಡಾಗಾಕ ಬಂತು, ಹುಡುಗರಿಗೆ ಹಸಿವಾಗಿರತೈತಿ” ಎಂದಳು. ಮನೆಯ ಕಟ್ಟೆಯ ನೆರಳಿನಲ್ಲಿ ಹೊತ್ತು ಅಳೆದು ಬಾಳಿದವಳಿಗೆ ಮಹಾರಾಜರ ಯಂತ್ರದ ಪರಿಚಯ ಮಾಡಿಕೊಡುವ ಅಗತ್ಯವಿರಲಿಲ್ಲ. ವ್ಯಾಖ್ಯಾನ ನಿಲ್ಲಿಸಿ ಊಟಕ್ಕೆ ಹೊರಟೆವು. ಎಲ್ಲರೂ ಅವ್ವನ ನಡಿಗೆಯ ವೇಗದಲ್ಲಿ. ನಾನು ಎಲ್ಲರ ಹಿಂದೆ.

ಆಮೇಲೆ ನಿವೃತ್ತಿಯವರೆಗೆ ಅನೇಕ ಸಲ ಶಾಲೆಯ ಮಕ್ಕಳನ್ನು ವಿಜಾಪುರಕ್ಕೆ ಕರೆದೊಯ್ದೆ. ಗೋಲಗುಂಬಜದ ಮೂಲೆಯ ಗೋಪುರಗಳಲ್ಲಿ ಮೇಲಿನ ಪಿಸುಮಾತಿನ ಮೊಗಸಾಲೆಗೆ ಹೋಗುವ ಇಕ್ಕಟ್ಟಾದ ಮೆಟ್ಟಿಲುಗಳಿವೆ. ಹತ್ತು ಹತ್ತು ಮಕ್ಕಳನ್ನು ಎಣಿಸಿ, ಒಬ್ಬ ಸಹೋದ್ಯೋಗಿಯೊಡನೆ ಮೇಲೆ ಕಳಿಸಿ, ಅವರು ಇಳಿದು ಬಂದ ಮೇಲೆಯೇ ಮುಂದಿನ ತಂಡವನ್ನು ಬಿಡುತ್ತಿದ್ದೆ. “ನಮ್ಮ ಸರ್ ಜೊತೆ ಹೋದ್ರ ಅರ್ಧ ದಿನ ಎಣಿಕ್ಯಾಗ ಹೊಕ್ಕೈತಿ” ಎಂದು ಹುಡುಗರು ಹಾಸ್ಯ ಮಾಡುತ್ತಿದ್ದರು. ಮಾಡಲಿ. ಗುಮ್ಮಟದ ಪ್ರತಿಧ್ವನಿಯನ್ನು ನಾನು ಕೇಳಿದ್ದಕ್ಕಿಂತ ಕೆಳಗೆ ನಿಂತು ತಲೆ ಎಣಿಸಿದ್ದೇ ಹೆಚ್ಚು.

ಅವ್ವ ಈಗಿಲ್ಲ. ಕೆಂಪುಕೋಟೆಯ ಒಳಗನ್ನು ನಾನಿನ್ನೂ ಕಂಡಿಲ್ಲ. ಕಳೆದ ವರ್ಷ ಮಗ ತನ್ನ ಹೆಂಡತಿ ಮಕ್ಕಳೊಡನೆ ದೆಹಲಿಗೆ ಹೋಗಿದ್ದಾಗ ಕುತುಬ್ ಮಿನಾರಿನಿಂದ ಒಂದು ಭಾವಚಿತ್ರ ಕಳಿಸಿದ. ಅದರಲ್ಲಿ ಸೊಸೆಯೂ ಮೊಮ್ಮಕ್ಕಳೂ ಮಿನಾರಿನತ್ತ ನಡೆದು ಹೋಗುತ್ತಿದ್ದಾರೆ. ಕಾಣುವುದು ಅವರ ಬೆನ್ನು ಮಾತ್ರ. ಮುಖ ಕಾಣುವಂತೆ ತೆಗೆಯಬಾರದಿತ್ತೇ ಎಂದು ಪತ್ನಿ ಆಕ್ಷೇಪಿಸಿದಳು. ನನಗೆ ಆ ಚಿತ್ರ ಹಾಗೆಯೇ ಸರಿಯೆನಿಸಿತು. ಅದನ್ನು ತೆಗೆದವನು ಎಲ್ಲರ ಹಿಂದೆ ಇದ್ದ.